ಉಣ್ಣಿಯಿಂದ ಬರುವ ಜ್ವರ

ಕುರಿ, ಆಡು, ದನ, ನಾಯಿಗಳನ್ನು ಸಾಕಿದವರಿಗೆ ಉಣ್ಣಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಎಮ್ಮೆಯ ಕೆಚ್ಚಲಿನ ಬಳಿಯಲ್ಲಿ, ನಾಯಿಯ ಕಿವಿಯೊಳಗೆ, ಕುರಿಯ ಬಾಲದ ಬುಡದಲ್ಲಿ ಕಚ್ಚಿಕೊಂಡು, ರಕ್ತ ಕುಡಿದು ಔಡಲಬೀಜದಂತೆ ಉಬ್ಬಿರುವ ಈ ಪ್ರಾಣಿಯನ್ನು ಎಲ್ಲರೂ ಕಂಡಿರುತ್ತಾರೆ. ಈ ಹೋಲಿಕೆ ನಮ್ಮವರಿಗೆ ಮಾತ್ರ ಹೊಳೆದುದಲ್ಲ. ಔಡಲ ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ‘ರಿಸಿನಸ್’ ಎಂಬ ಲ್ಯಾಟಿನ್ ಹೆಸರಿನ ಅರ್ಥವೂ ಉಣ್ಣಿಯೆಂದೇ. ಇಷ್ಟು ಹಳೆಯ ಪರಿಚಯವಿದ್ದರೂ ಉಣ್ಣಿಯು ಮನುಷ್ಯನಿಗೆ ಪ್ರಾಣಾಪಾಯದ ಜ್ವರವೊಂದನ್ನು ತರಬಲ್ಲುದೆಂಬ ಸಂಗತಿ ನಮ್ಮ ಹಳ್ಳಿಗಳಲ್ಲಿ ಹಲವರಿಗೆ ಇನ್ನೂ ತಿಳಿಯದು. ಆ ಜ್ವರಕ್ಕೆ ಅಗ್ಗದ, ಖಚಿತವಾದ ಔಷಧವಿದೆ. ಆದರೆ ಔಷಧ ಕೊಡಬೇಕಾದ ದಿನ ಯಾವುದೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹಳೆಯ ತಾಲ್ಲೂಕುಗಳ ಸೀಮೆಯನ್ನು ನೆನಪಿಗೆ ತಂದುಕೊಳ್ಳೋಣ. ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿಯುವ ಗಂಗಾವತಿಯ ಕಡೆ ನೋಡಿದಷ್ಟು ದೂರ ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾಗಳ ಕಡೆಗೆ ಹೋದರೆ ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಹೊಲಗಳು, ಜೋಳ, ಸಜ್ಜೆ, ಕಡಲೆ. ಬೆಳೆಯಿಲ್ಲದ ಕಾಲದಲ್ಲಿ ಬಯಲ ತುಂಬ ಕುರಿಯ ಹಿಂಡುಗಳು. ಹಿಂಡಿನ ಜೊತೆಗೆ ಕಾವಲಿನ ನಾಯಿ, ನಾಯಿಯ ಜೊತೆಗೆ ಮಕ್ಕಳು. ರಾತ್ರಿ ಹೊಲದಲ್ಲಿ ಹಿಂಡು ಕೂಡಿಸಿದಾಗ ಕುರಿಗಾರನ ಕುಟುಂಬವೂ ಅಲ್ಲಿಯೇ ಕಂಬಳಿ ಹಾಸಿ ಮಲಗುತ್ತದೆ. ಉಣ್ಣಿಯ ದೃಷ್ಟಿಯಿಂದ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೆ ಬೇಕಿಲ್ಲ. ಉತ್ತರ ಕರ್ನಾಟಕದ ಮಕ್ಕಳ ವೈದ್ಯರು ಈಚಿನ ದಶಕಗಳಲ್ಲಿ ಇಂತಹ ಜ್ವರದ ರೋಗಿಗಳನ್ನು ಗುರುತಿಸಿ ವೈದ್ಯಪತ್ರಿಕೆಗಳಲ್ಲಿ ವರದಿ ಮಾಡುತ್ತ ಬಂದಿದ್ದಾರೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಟು ವರ್ಷದ ಹುಡುಗಿಗೆ ಸೋಮವಾರ ಜ್ವರ ಬರುತ್ತದೆ. ತಲೆನೋವು, ಮೈಕೈನೋವು, ವಾಂತಿ. ಮಂಗಳವಾರ ಊರಿನಲ್ಲಿ ಸಿಕ್ಕ ಜ್ವರದ ಗುಳಿಗೆ ನುಂಗಿಸುತ್ತಾರೆ. ಜ್ವರ ಇಳಿದು ಮತ್ತೆ ಏರುತ್ತದೆ. ಬುಧವಾರ ದವಾಖಾನೆಗೆ ಕರೆತಂದಾಗ ರಕ್ತ ಪರೀಕ್ಷೆಯಾಗುತ್ತದೆ. ಟೈಫಾಯ್ಡ್ ಇರಬಹುದೆಂದು ಸೂಜಿಮದ್ದು ಮೊದಲಾಗುತ್ತದೆ. ಗುರುವಾರ ಮಣಿಕಟ್ಟಿನಲ್ಲಿ, ಕಣಕಾಲಿನಲ್ಲಿ ಕೆಲವು ಕೆಂಪು ಚುಕ್ಕೆಗಳು. ಶುಕ್ರವಾರ ಅಂಗೈ ಅಂಗಾಲುಗಳಲ್ಲಿಯೂ ಚುಕ್ಕೆಗಳು. ಹುಡುಗಿ ಮಂಕಾಗಿದ್ದಾಳೆ, ಮುಖ ಊದಿಕೊಂಡಿದೆ. ಈ ಐದು ದಿನಗಳಲ್ಲಿ ಅವಳ ಮೈಯೊಳಗೆ ನಡೆದುದೇನೆಂಬುದನ್ನು ತಿಳಿಯಬೇಕಾದರೆ ಮೊದಲು ಉಣ್ಣಿಯನ್ನು, ಅನಂತರ ಅದರೊಳಗಿನ ರೋಗಾಣುವನ್ನು ಅರಿಯಬೇಕು.

ಉಣ್ಣಿಯು ಕೀಟವಲ್ಲ. ಬೆಳೆದ ಉಣ್ಣಿಗೆ ಎಂಟು ಕಾಲುಗಳು. ಜೇಡ, ಚೇಳುಗಳು ಇದರ ಬಂಧುಗಳು. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರು ಕಾಲು. ಅದು ಎಳ್ಳಿಗಿಂತ ಸಣ್ಣದು. ನಾಯಿಗಳ ಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣ್ಣಿಯು ಬಾಳಿನಲ್ಲಿ ಮೂರು ಸಲ ಊಟ ಮಾಡುತ್ತದೆ: ಮರಿಯಾಗಿದ್ದಾಗ ಒಮ್ಮೆ, ಎಳೆಯದಾಗಿದ್ದಾಗ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಒಂದೊಂದು ಊಟವಾದ ಮೇಲೂ ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲೋ ಕಲ್ಲಿನ ಸಂದಿನಲ್ಲೋ ಅಡಗಿ, ಪೊರೆ ಕಳಚಿ, ಮತ್ತೊಂದು ಪ್ರಾಣಿಗಾಗಿ ಕಾಯುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಕಚ್ಚುವಾಗ ಅದರ ಜೊಲ್ಲು ಚರ್ಮವನ್ನು ಮರಗಟ್ಟಿಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆದುದರಿಂದ ಕಚ್ಚಿಸಿಕೊಂಡವರಿಗೆ ನೋವಾಗುವುದಿಲ್ಲ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಉಪಯೋಗವಿದೆ.

ಉಣ್ಣಿಗೂ ಜ್ವರಕ್ಕೂ ಇರುವ ಸಂಬಂಧವನ್ನು ಪ್ರಯೋಗದಿಂದ ತೋರಿಸಿದವನು ಅಮೆರಿಕದ ಹೊವರ್ಡ್ ಟೇಲರ್ ರಿಕೆಟ್ಸ್. ಮೊಂಟಾನಾ ಸಂಸ್ಥಾನದ ಬಿಟರ್‌ರೂಟ್ ಕಣಿವೆಯಲ್ಲಿ ಜನರನ್ನು ಕಾಡುತ್ತಿದ್ದ ಚುಕ್ಕೆಜ್ವರವು ಉಣ್ಣಿಯ ಮೂಲಕ ಹರಡುವುದೆಂದು 1906ರಲ್ಲಿ ಅವನು ಗಿನಿಯಿಲಿಗಳ ಮೇಲೆ ಉಣ್ಣಿಗಳನ್ನು ಕಚ್ಚಿಸಿ ಸಿದ್ಧಪಡಿಸಿದನು. 1910ರಲ್ಲಿ ಮೆಕ್ಸಿಕೋ ನಗರದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರವನ್ನು ಅಭ್ಯಸಿಸುತ್ತಿದ್ದಾಗ ಅದೇ ಜ್ವರಕ್ಕೆ ತುತ್ತಾದನು. ಈ ಜಾತಿಯ ರೋಗಾಣುಗಳಿಗೆ ‘ರಿಕೆಟ್ಸಿಯ’ ಎಂಬ ಹೆಸರು ಬಂದುದು ಅವನಿಂದ. ಅದೇ 1910ರಲ್ಲಿ ಟ್ಯುನಿಸ್ ನಗರದಲ್ಲಿ ಕೊನೋರ್ ಮತ್ತು ಬ್ರೂಖ್ ಎಂಬ ವೈದ್ಯರು ಮೆಡಿಟರೇನಿಯನ್ ತೀರದ ಚುಕ್ಕೆಜ್ವರವನ್ನು ವರ್ಣಿಸಿದರು; ಅದರ ರೋಗಾಣುವಿಗೆ ‘ರಿಕೆಟ್ಸಿಯ ಕೊನೋರಿ’ ಎಂದು ಹೆಸರಾಯಿತು. ಭಾರತದಲ್ಲಿ 1917ರ ಹೊತ್ತಿಗೆ ಕುಮಾವ್ ಬೆಟ್ಟಗಳ ಕಡೆಯ ಇಂತಹುದೇ ಜ್ವರವನ್ನು ಮೆಗಾ ಎಂಬ ವೈದ್ಯಾಧಿಕಾರಿ ವರದಿ ಮಾಡಿದನು. ಈಗ ನಮ್ಮ ದೇಶದ ಉಣ್ಣಿಜ್ವರಕ್ಕೆ ಕಾರಣವಾದ ರೋಗಾಣುವನ್ನು ರಿಕೆಟ್ಸಿಯ ಕೊನೋರಿಯ ಒಂದು ಉಪಜಾತಿಯೆಂದು ಎಣಿಸಿ ‘ಇಂಡಿಕ’ ಎಂದು ಕರೆದಿದ್ದಾರೆ. ಇಂಗ್ಲಿಷಿನಲ್ಲಿ ರೋಗದ ಹೆಸರು ಇಂಡಿಯನ್ ಟಿಕ್ ಟೈಫಸ್. ಟೈಫಸ್ಸೇ ಬೇರೆ, ಟೈಫಾಯ್ಡೇ ಬೇರೆ. ಟೈಫಾಯ್ಡ್ ಎಂದರೆ ‘ಟೈಫಸ್ಸಿನಂತಹುದು’ ಎಂದಷ್ಟೇ ಅರ್ಥ. ಹೆಸರಿನ ಈ ಹೋಲಿಕೆ ಇಂದಿಗೂ ವಿದ್ಯಾರ್ಥಿಗಳನ್ನು ತೊಡಕಿಗೆ ಸಿಕ್ಕಿಸುತ್ತಿದೆ.

ರಿಕೆಟ್ಸಿಯವು ಬ್ಯಾಕ್ಟೀರಿಯವೇ ಸರಿ, ಆದರೆ ವಿಚಿತ್ರ ಸ್ವಭಾವದ್ದು. ಇತರ ಬ್ಯಾಕ್ಟೀರಿಯಗಳಂತೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಅನ್ನವಿಟ್ಟರೆ ಇದು ಬೆಳೆಯದು. ಜೀವಂತವಾದ ಕೋಶದೊಳಗೆ ಹೊಕ್ಕು, ಅಲ್ಲಿಯ ಶಕ್ತಿಯನ್ನೇ ಕದ್ದು ಬದುಕಬೇಕು. ನಮ್ಮ ಜೀವಕೋಶಗಳಲ್ಲಿ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳ ಪೂರ್ವಜರೂ ರಿಕೆಟ್ಸಿಯಗಳ ಪೂರ್ವಜರೂ ಹತ್ತಿರದ ಸಂಬಂಧಿಗಳೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಒಬ್ಬನು ಮನೆಗೆ ಬಂದು ಮನೆಯ ಆಳಾದನು, ಇನ್ನೊಬ್ಬನು ಕಳ್ಳನಾಗಿಯೇ ಉಳಿದನು! ಉಣ್ಣಿಯ ಮೈಯಲ್ಲಿ ಈ ರೋಗಾಣು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಹೋಗುತ್ತದೆ. ಹೀಗಾಗಿ ಯಾರನ್ನೂ ಇನ್ನೂ ಕಚ್ಚದ ಮರಿಯುಣ್ಣಿಯೂ ರೋಗವನ್ನು ಹೊತ್ತಿರಬಹುದು.

ಕಚ್ಚಿದ ಉಣ್ಣಿಯ ಜೊಲ್ಲಿನೊಡನೆ ಮೈಸೇರಿದ ರಿಕೆಟ್ಸಿಯಗಳು ಕಿರಿದಾದ ರಕ್ತನಾಳಗಳ ಒಳಗೋಡೆಯ ಕೋಶಗಳಲ್ಲಿ ನೆಲೆಸಿ ಹೆಚ್ಚುತ್ತವೆ. ಸುಮಾರು ಒಂದು ವಾರದ ಮೇಲೆ ಜ್ವರ ಏಳುತ್ತದೆ. ಒಳಗೋಡೆ ಹಾಳಾದ ರಕ್ತನಾಳವು ತೂತುಬಿದ್ದ ಕೊಳವೆಯಂತೆ ಸೋರುತ್ತದೆ. ಚರ್ಮದಲ್ಲಿ ಸೋರಿದರೆ ಅದು ಕೆಂಪು ಚುಕ್ಕೆಯಾಗಿ ನಮ್ಮ ಕಣ್ಣಿಗೆ ಬೀಳುತ್ತದೆ. ಮಿದುಳಿನಲ್ಲಿ, ಶ್ವಾಸಕೋಶದಲ್ಲಿ, ಮೂತ್ರಪಿಂಡದಲ್ಲಿ ಸೋರಿದರೆ ಕಾಣುವುದಿಲ್ಲ, ಆದರೆ ಅಪಾಯವಿರುವುದು ಅಲ್ಲಿಯೇ. ಹುಡುಗಿಯ ಮುಖ ಊದಿಕೊಂಡುದಕ್ಕೂ ಅವಳು ಮಂಕಾದುದಕ್ಕೂ ಕಾರಣವೊಂದೇ. ತಡವಾದ ಕೆಲವು ರೋಗಿಗಳಲ್ಲಿ ಕಿವಿಯ ಅಂಚು, ಬೆರಳ ತುದಿಗಳಿಗೆ ರಕ್ತ ಹೋಗದೆ ಕಪ್ಪಾಗಿ ಕೊಳೆಯುವುದೂ ಉಂಟು.

ಚುಕ್ಕೆಗಳು ಸಾಮಾನ್ಯವಾಗಿ ಜ್ವರದ ಮೂರರಿಂದ ಐದನೆಯ ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಅಂಗೈ ಅಂಗಾಲುಗಳಲ್ಲಿಯೂ ಬರುವುದು ಇವುಗಳ ಒಂದು ಗುರುತು. ಮೊದಮೊದಲು ಗಾಜಿನ ತುಂಡಿನಿಂದ ಒತ್ತಿದರೆ ಮಾಯವಾಗಿ ಮತ್ತೆ ಮೂಡುತ್ತವೆ. ರಕ್ತವೇ ಹೊರಸೋರಿದ ಮೇಲೆ ಒತ್ತಿದರೂ ಮಾಯವಾಗುವುದಿಲ್ಲ. ಪಾಶ್ಚಾತ್ಯ ಗ್ರಂಥಗಳಲ್ಲಿ ಬಿಳಿಯ ಚರ್ಮದ ಮೇಲಿನ ಚಿತ್ರಗಳನ್ನು ನೋಡಿ ಕಲಿತವರಿಗೆ ನಮ್ಮ ಕಪ್ಪು ಮೈಬಣ್ಣದ ಮೇಲೆ ಈ ಚುಕ್ಕೆಗಳು ಸುಲಭವಾಗಿ ಸಿಕ್ಕುವುದಿಲ್ಲ. ಹಗಲಿನ ಬೆಳಕಿನಲ್ಲಿ, ಅಂಗಾಲಿನ ದೂಳು ತೊಳೆದು ನೋಡಬೇಕು. ಮೆಡಿಟರೇನಿಯನ್ ಜ್ವರದಲ್ಲಿ ಉಣ್ಣಿ ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆಯೊಂದು ಕಟ್ಟಿರುತ್ತದೆ. ಅದನ್ನು ಕಂಡರೆ ರೋಗನಿರ್ಣಯ ಅರ್ಧ ಮುಗಿದಂತೆ. ದುರದೃಷ್ಟಕ್ಕೆ ನಮ್ಮ ದೇಶದ ಉಣ್ಣಿಜ್ವರದಲ್ಲಿ ಈ ಹಕ್ಕಳೆ ಬಹಳ ಮಂದಿಯಲ್ಲಿ ಕಾಣುವುದೇ ಇಲ್ಲ. ಇದ್ದರೂ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಕೂದಲಿನ ನಡುವೆ ಅಡಗಿರುತ್ತದೆ.

ಇನ್ನು ವೈದ್ಯರ ಕಷ್ಟವನ್ನು ನೋಡೋಣ. ಜ್ವರ, ತಲೆನೋವು, ಚುಕ್ಕೆ, ರಕ್ತದ ಕಿರುಬಿಲ್ಲೆಗಳ ಇಳಿಕೆ: ಇವೆಲ್ಲವೂ ಡೆಂಗೆಯಲ್ಲಿಯೂ ಇವೆ. ಗಂಗಾವತಿಯ ಗದ್ದೆಬಯಲಿನಿಂದ ಬಂದ ರೋಗಿಯಾದರೆ ಇಲಿಯ ಮೂತ್ರದಿಂದ ನೀರಿಗೆ ಸೇರಿ ಬರುವ ಲೆಪ್ಟೊಸ್ಪೈರಾ ಜ್ವರವನ್ನೂ ಎಣಿಸಬೇಕು. ಮಗುವಾದರೆ ದಡಾರ, ಯಾರಾದರೂ ಸರಿ, ಮಲೇರಿಯ ಮತ್ತು ಟೈಫಾಯ್ಡ್. ನುಸಿಯ ಮರಿಗಳಿಂದ ಬರುವ ಸ್ಕ್ರಬ್ ಟೈಫಸ್ ಉಣ್ಣಿಜ್ವರದ ಹತ್ತಿರದ ನೆಂಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಬರುವುದಾದರೂ ಅದು ವೈರಸ್ಸಿನ ರೋಗ, ಮಲೆನಾಡಿನದು. ಬ್ಯಾಕ್ಟೀರಿಯನಾಶಕ ಔಷಧಗಳು ಅದರ ಮೇಲೆ ನಡೆಯವು. ಅಮೆರಿಕ ಮತ್ತು ಯೂರೋಪುಗಳಲ್ಲಿ ಉಣ್ಣಿಯೆಂದೊಡನೆ ನೆನಪಿಗೆ ಬರುವ ಲೈಮ್ ರೋಗದ ಸುರುಳಿಯಾಕಾರದ ರೋಗಾಣುವನ್ನು 1982ರಲ್ಲಿ ಬರ್ಗ್‌ಡಾರ್ಫರ್ ಎಂಬಾತನು ಪ್ರಕಟಿಸಿದನು. ಅದು ಕೊಪ್ಪಳದ ಬಯಲಿನ ಸಮಸ್ಯೆಯಲ್ಲ.

ಇಷ್ಟೊಂದು ಜ್ವರಗಳ ನಡುವೆ ಇದನ್ನು ಬೇರ್ಪಡಿಸುವ ಪರೀಕ್ಷೆಯಿಲ್ಲವೆ? ಇದೆ, ಅದರ ಕಥೆಯೂ ಸ್ವಾರಸ್ಯವಾಗಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಎಡ್ಮಂಡ್ ವೈಲ್ ಮತ್ತು ಆರ್ಥರ್ ಫೆಲಿಕ್ಸ್ ಎಂಬುವರು ಟೈಫಸ್ ರೋಗಿಯೊಬ್ಬನ ಮೂತ್ರದಿಂದ ಪ್ರೋಟಿಯಸ್ ಎಂಬ ಸಾಧಾರಣ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದ್ದರು. ಅದನ್ನು ಟೈಫಸ್ ರೋಗಿಗಳ ರಕ್ತದ್ರವದೊಡನೆ ಬೆರೆಸಿದರೆ ಬ್ಯಾಕ್ಟೀರಿಯಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತಿದ್ದವು. ಆರೋಗ್ಯವಂತರ ರಕ್ತದ್ರವದೊಡನೆ ಹಾಗಾಗುತ್ತಿರಲಿಲ್ಲ. ಪ್ರೋಟಿಯಸ್ಸಿಗೂ ಟೈಫಸ್ಸಿಗೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಎರಡು ರೋಗಾಣುಗಳ ಹೊರಕವಚದಲ್ಲಿ ಆಕಸ್ಮಿಕವಾದ ಹೋಲಿಕೆಯಿದೆ, ಅಷ್ಟೆ. ರಿಕೆಟ್ಸಿಯಕ್ಕಾಗಿ ದೇಹ ತಯಾರಿಸಿದ ಪ್ರತಿಕಾಯಗಳು ಪ್ರೋಟಿಯಸ್ಸನ್ನೂ ಹಿಡಿಯುತ್ತವೆ. ನೆರೆಮನೆಯ ಕೀಲಿಕೈ ನಮ್ಮ ಮನೆಯ ಬೀಗಕ್ಕೂ ಹೊಂದಿದಂತೆ! ವೈಲ್ 1922ರಲ್ಲಿ ಪ್ರಯೋಗಶಾಲೆಯಲ್ಲಿಯೇ ಟೈಫಸ್ ತಗುಲಿ ತೀರಿಕೊಂಡನು. ಅವರಿಬ್ಬರ ಹೆಸರಿನ ವೈಲ್-ಫೆಲಿಕ್ಸ್ ಪರೀಕ್ಷೆ ನೂರು ವರ್ಷಗಳ ಮೇಲೂ ಬಳಕೆಯಲ್ಲಿದೆ, ಏಕೆಂದರೆ ಅದಕ್ಕೆ ಬೆಲೆಯುಳ್ಳ ಯಂತ್ರಗಳು ಬೇಕಿಲ್ಲ.

ಆದರೆ ಆಕಸ್ಮಿಕ ಹೋಲಿಕೆಯನ್ನು ನಂಬಿದ ಪರೀಕ್ಷೆ ಹಲವು ಸಲ ತಪ್ಪುತ್ತದೆ. ರೋಗವಿದ್ದರೂ ಇಲ್ಲವೆನ್ನುತ್ತದೆ; ಬೇರೆ ಸೋಂಕಿದ್ದಾಗ ಇದೆಯೆನ್ನುತ್ತದೆ. ಇದಕ್ಕಿಂತ ನಿಖರವಾದ ಎಲೈಸಾ ಪರೀಕ್ಷೆಯಿದೆ; ಪ್ರತಿಕಾಯಗಳಿಗೆ ಹೊಳೆಯುವ ಬಣ್ಣವನ್ನು ಅಂಟಿಸಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವಿದೆ. ಕೊನೆಯದನ್ನು ಈ ರೋಗದಲ್ಲಿ ಪ್ರಮಾಣವೆಂದು ಒಪ್ಪಿದ್ದಾರೆ. ಅಲ್ಲಿಯೂ ಎರಡು ಸಲ, ಎರಡು ಮೂರು ವಾರಗಳ ಅಂತರದಲ್ಲಿ, ರಕ್ತ ತೆಗೆದು ಪ್ರತಿಕಾಯಗಳು ನಾಲ್ಕು ಪಟ್ಟು ಏರಿದುದನ್ನು ತೋರಿಸಬೇಕು. ಇವೆಲ್ಲಕ್ಕೂ ಒಂದೇ ತೊಡಕು: ಪ್ರತಿಕಾಯಗಳನ್ನು ತಯಾರಿಸಲು ದೇಹಕ್ಕೆ ಏಳರಿಂದ ಹತ್ತು ದಿನಗಳು ಬೇಕು. ಯಂತ್ರ ಎಷ್ಟೇ ಉತ್ತಮವಾಗಿರಲಿ, ಇನ್ನೂ ಹುಟ್ಟದ ವಸ್ತುವನ್ನು ಅದು ಕಾಣಲಾರದು. ರೋಗಾಣುವಿನ ಆನುವಂಶಿಕ ದ್ರವ್ಯವನ್ನೇ ಹುಡುಕುವ ಪಿ.ಸಿ.ಆರ್. ವಿಧಾನ ಬೇಗ ಉತ್ತರಿಸಬಲ್ಲುದು; ಆದರೆ ರಿಕೆಟ್ಸಿಯಗಳು ನಾಳದ ಗೋಡೆಯಲ್ಲಿ ಅಡಗಿರುವುದರಿಂದ ಹರಿಯುವ ರಕ್ತದಲ್ಲಿ ಅವು ವಿರಳ. ಹಕ್ಕಳೆಯ ತುಣುಕು ಸಿಕ್ಕಿದರೆ ಅದರಲ್ಲಿ ಹೆಚ್ಚು ಚೆನ್ನಾಗಿ ಸಿಕ್ಕುತ್ತವೆ. ನಮ್ಮಲ್ಲಿ ಹಕ್ಕಳೆಯೇ ಅಪರೂಪವೆಂದು ಮೇಲೆ ಹೇಳಿದೆವು.

ಈಗ ದಿನಗಳ ಲೆಕ್ಕವನ್ನು ಹಾಕೋಣ. ಅಮೆರಿಕದ ಚುಕ್ಕೆಜ್ವರ ನಮ್ಮದಕ್ಕಿಂತ ಉಗ್ರವಾದುದು. ಔಷಧವಿಲ್ಲದ ಕಾಲದಲ್ಲಿ ಅದು ಹಿಡಿದವರಲ್ಲಿ ಐದರಲ್ಲೊಂದು ಪಾಲಿಗಿಂತ ಕಡಮೆಯಿಲ್ಲದಷ್ಟು ಮಂದಿ ಸಾಯುತ್ತಿದ್ದರು. ಔಷಧ ಬಂದ ಮೇಲೂ ಐದನೆಯ ದಿನದೊಳಗೆ ಅದನ್ನು ಆರಂಭಿಸಿದವರಿಗಿಂತ ಅನಂತರ ಆರಂಭಿಸಿದವರಲ್ಲಿ ಸಾವು ಬಹಳ ಹೆಚ್ಚೆಂದು ಅಲ್ಲಿಯ ವೈದ್ಯರು ಕಂಡುಕೊಂಡಿದ್ದಾರೆ. ನಮ್ಮ ಉಣ್ಣಿಜ್ವರ ಹಲವರಲ್ಲಿ ಸೌಮ್ಯವಾಗಿಯೇ ಹೋದರೂ ಮಿದುಳಿಗೆ ತಗುಲಿದ, ಬೆರಳು ಕೊಳೆತ, ಸಾವಿನಲ್ಲಿ ಮುಗಿದ ಪ್ರಸಂಗಗಳು ಭಾರತದಲ್ಲಿಯೂ ವರದಿಯಾಗಿವೆ. ಔಷಧ ಬೇಕಾದುದು ಐದನೆಯ ದಿನದೊಳಗೆ. ಪರೀಕ್ಷೆ ಬಾಯಿಬಿಡುವುದು ಏಳನೆಯ ದಿನದ ಮೇಲೆ. ಪರೀಕ್ಷೆಗಾಗಿ ಕಾಯುವ ವೈದ್ಯನು ರೋಗಿಯ ಒಳ್ಳೆಯ ದಿನಗಳನ್ನು ಕಳೆದುಬಿಡುತ್ತಾನೆ. ಆದುದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಬಲವಾದ ಸಂದೇಹವಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆಯನ್ನು ಆರಂಭಿಸಬೇಕೆಂದು ಹೇಳಿದೆ.

ಹಾಗಾದರೆ ಸಂದೇಹ ಹುಟ್ಟಬೇಕಾದುದು ಎಲ್ಲಿಂದ? ಪ್ರಶ್ನೆಯಿಂದ. ‘ಉಣ್ಣಿ ಕಡಿದಿತ್ತೇನವ್ವಾ?’ ಎಂದು ಕೇಳಿದರೆ ತಾಯಿ ‘ಇಲ್ರೀ’ ಎನ್ನುತ್ತಾಳೆ. ಅವಳು ಸುಳ್ಳಾಡುತ್ತಿಲ್ಲ, ಕಚ್ಚಿದುದು ನೋಯಲಿಲ್ಲ, ಮರಿಯುಣ್ಣಿ ಕಣ್ಣಿಗೂ ಬೀಳಲಿಲ್ಲ. ‘ಮನ್ಯಾಗ ಕುರಿ, ನಾಯಿ ಅದಾವೇನು? ಹುಡುಗಿ ಅವುಗಳ ಜೋಡಿ ಆಡತಾಳೇನು?’ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯ ಪ್ರಶ್ನೆಗೆ ಒಂದು ವೈಲ್-ಫೆಲಿಕ್ಸ್ ಪರೀಕ್ಷೆಗಿಂತ ಹೆಚ್ಚಿನ ಬೆಲೆಯಿದೆ.

ಔಷಧದ ವಿಷಯಕ್ಕೆ ಬರೋಣ. ಪೆನಿಸಿಲಿನ್ನಾಗಲಿ, ಟೈಫಾಯ್ಡಿಗೆ ನಮ್ಮಲ್ಲಿ ಧಾರಾಳವಾಗಿ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಆಗಲಿ ರಿಕೆಟ್ಸಿಯದ ಮೇಲೆ ಪರಿಣಾಮಕಾರಿಯಲ್ಲ. ಕೋಶದೊಳಗೆ ಬಾಗಿಲು ಹಾಕಿಕೊಂಡು ಕುಳಿತ ಶತ್ರುವನ್ನು ಅವು ಮುಟ್ಟಲಾರವು. ಸಲ್ಫಾ ಜಾತಿಯ ಔಷಧಗಳಂತೂ ರೋಗವನ್ನು ಇನ್ನಷ್ಟು ಕೆರಳಿಸಬಹುದು. ಕೋಶದೊಳಕ್ಕೆ ಹೋಗಿ, ಬ್ಯಾಕ್ಟೀರಿಯವು ತನ್ನ ಪ್ರೋಟೀನುಗಳನ್ನು ಹೆಣೆಯುವ ಮಗ್ಗವನ್ನೇ ನಿಲ್ಲಿಸುವ ಔಷಧ ಬೇಕು. ಅಂತಹ ಮೊದಲ ಔಷಧಗಳಾದ ಕ್ಲೋರಾಂಫೆನಿಕಾಲ್ ಮತ್ತು ಆರಿಯೊಮೈಸಿನ್‌ಗಳು 1948ರ ಸುಮಾರಿಗೆ ಬಳಕೆಗೆ ಬಂದವು. ಮಣ್ಣಿನ ಅಣುಜೀವಿಯೊಂದರಿಂದ ಡಗ್ಗರ್ ಎಂಬ ಹಿರಿಯ ಸಸ್ಯಶಾಸ್ತ್ರಜ್ಞನು ಆರಿಯೊಮೈಸಿನ್ನನ್ನು ಪಡೆದ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆ ವರ್ಷವೇ ಅವರು ನಿಧನರಾದರು. ಅದೇ ಟೆಟ್ರಾಸೈಕ್ಲಿನ್ ವಂಶದ ಡಾಕ್ಸಿಸೈಕ್ಲಿನ್ 1967ರಿಂದ ದೊರೆಯುತ್ತಿದೆ. ಉಣ್ಣಿಜ್ವರಕ್ಕೂ ಸ್ಕ್ರಬ್ ಟೈಫಸ್ಸಿಗೂ ಇಂದು ಅದೇ ಮೊದಲ ಮದ್ದು. ವಯಸ್ಕರಿಗೆ ದಿನಕ್ಕೆರಡು ಸಲ 100 ಮಿಲಿಗ್ರಾಮ್. ಮಕ್ಕಳಿಗೆ ತೂಕಕ್ಕೆ ತಕ್ಕಂತೆ, ಜ್ವರ ಬಿಟ್ಟ ಮೇಲೂ ಮೂರು ದಿನ, ಒಟ್ಟು ಐದರಿಂದ ಏಳು ದಿನ ವೈದ್ಯರು ಕೊಡುತ್ತಾರೆ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ನನ್ನು ಆರಿಸುವುದುಂಟು. ಸಾಮಾನ್ಯವಾಗಿ 48ರಿಂದ 72 ಗಂಟೆಗಳಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ರೋಗ ಬೇರೆಯಿರಬಹುದೆಂದು ಮತ್ತೆ ಯೋಚಿಸಬೇಕು. ಈ ವಿವರವನ್ನು ತಿಳಿವಳಿಕೆಗಾಗಿ ಕೊಟ್ಟಿದೆಯೇ ಹೊರತು ತಾವೇ ಅಂಗಡಿಯಿಂದ ತಂದು ನುಂಗುವುದಕ್ಕಲ್ಲ.

ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಔಷಧ ಕೊಡಲು ಬಹುಕಾಲ ಅಂಜುತ್ತಿದ್ದರು. ಹಳೆಯ ಟೆಟ್ರಾಸೈಕ್ಲಿನ್‌ಗಳು ಬೆಳೆಯುವ ಹಲ್ಲಿನ ಸುಣ್ಣದೊಡನೆ ಕೂಡಿ ಶಾಶ್ವತವಾದ ಹಳದಿ ಕಲೆಯನ್ನು ಉಳಿಸುತ್ತಿದ್ದುದು ನಿಜ. ಡಾಕ್ಸಿಸೈಕ್ಲಿನ್ ಸುಣ್ಣವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಈ ಅಂಜಿಕೆಗೆ ಉತ್ತರ ಬಂದುದು ಅಮೆರಿಕದ ಅರಿಜೋನ ಸಂಸ್ಥಾನದಿಂದ. ಅಲ್ಲಿಯ ಒಣಭೂಮಿಯ ಮೂಲನಿವಾಸಿಗಳ ವಸತಿಗಳಲ್ಲಿ 2000ದ ದಶಕದ ಮೊದಲಲ್ಲಿ ಚುಕ್ಕೆಜ್ವರ ಕಾಣಿಸಿಕೊಂಡಿತು. ಅದನ್ನು ತಂದುದು ನಮ್ಮ ಊರುಗಳ ನಾಯಿಗಳ ಮೇಲಿರುವ ಅದೇ ಕಂದು ಉಣ್ಣಿ. ಎಂಟು ವರ್ಷಕ್ಕೆ ಮೊದಲೇ ಡಾಕ್ಸಿಸೈಕ್ಲಿನ್ ಸೇವಿಸಿದ್ದ 58 ಮಕ್ಕಳ ಹಲ್ಲುಗಳನ್ನು ಸೇವಿಸದ 213 ಮಕ್ಕಳ ಹಲ್ಲುಗಳೊಡನೆ ಹೋಲಿಸಿ ನೋಡಿದಾಗ ಬಣ್ಣದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲವೆಂದು 2015ರಲ್ಲಿ ಪ್ರಕಟವಾಯಿತು. ಅದೇ ಸೀಮೆಯಲ್ಲಿ ನಾಯಿಗಳಿಗೆಲ್ಲ ಉಣ್ಣಿನಾಶಕ ಪಟ್ಟಿ ಕಟ್ಟಿ, ಮನೆಯಂಗಳಗಳಿಗೆ ಕ್ರಮವಾಗಿ ಔಷಧ ಸಿಂಪಡಿಸಿದಾಗ ಉಣ್ಣಿಗಳು ಬಹುಮಟ್ಟಿಗೆ ಇಲ್ಲವಾದುವು. ಬೀದಿನಾಯಿಗಳಿಗೆಲ್ಲ ಪಟ್ಟಿ ಕಟ್ಟುವವರಾರೆಂದು ನಮ್ಮ ಓದುಗರು ನಗಬಹುದು. ಅಲ್ಲಿಯ ನಾಯಿಗಳೂ ಬೀದಿ ಸುತ್ತುವುವೇ ಆಗಿದ್ದವು.

ನಾವು ಊಹಿಸಿಕೊಂಡ ಹುಡುಗಿಯ ಕಡೆಗೆ ತಿರುಗೋಣ. ಶುಕ್ರವಾರ, ಐದನೆಯ ದಿನ, ಅವಳನ್ನು ಜಿಲ್ಲಾ ಆಸ್ಪತ್ರೆಗೆ ತರುತ್ತಾರೆ. ಅಂಗಾಲು ನೋಡಿ, ಕುರಿ ನಾಯಿಗಳ ವಿಚಾರ ಕೇಳಿ, ವೈದ್ಯರು ಅಂದೇ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ರಕ್ತವನ್ನೂ ತೆಗೆದಿಡುತ್ತಾರೆ. ಭಾನುವಾರ ಸಂಜೆ ಜ್ವರ ಇಳಿದು ಅವಳು ರೊಟ್ಟಿ ಕೇಳುತ್ತಾಳೆ. ಶುಕ್ರವಾರದ ರಕ್ತದಲ್ಲಿ ಪರೀಕ್ಷೆಗೆ ಏನೂ ಸಿಕ್ಕಿರುವುದಿಲ್ಲ. ಮೂರು ವಾರದ ಮೇಲಿನ ರಕ್ತದಲ್ಲಿ ಪ್ರತಿಕಾಯಗಳು ಏರಿರುತ್ತವೆ. ಆ ಕಾಗದ ಬರುವ ಹೊತ್ತಿಗೆ ಅವಳು ಶಾಲೆಗೆ ಹೋಗುತ್ತಿರುತ್ತಾಳೆ. ಇದೇ ರೋಗಿಗೆ ಬುಧವಾರದ ಸೂಜಿಮದ್ದನ್ನೇ ಮುಂದಿನ ಬುಧವಾರದವರೆಗೆ ಮುಂದುವರಿಸಿದ್ದರೆ ಏನಾಗುತ್ತಿತ್ತೆಂಬುದನ್ನು ವಿವರಿಸಬೇಕಾದುದಿಲ್ಲ. ದವಾಖಾನೆಯ ವೈದ್ಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ಮೂರನೆಯ ದಿನ ಚುಕ್ಕೆಯಿಲ್ಲದ ಜ್ವರವನ್ನು ಕಂಡು ಉಣ್ಣಿಯನ್ನು ನೆನೆಯುವುದು ಯಾರಿಗೂ ಸುಲಭವಲ್ಲ.

ಕಡೆಯದಾಗಿ, ಉಣ್ಣಿ ಕಚ್ಚಿರುವುದು ಕಂಡರೆ ಮಾಡಬೇಕಾದುದೇನು? ಬೀಡಿಯ ಕೆಂಡ, ಸೀಮೆಎಣ್ಣೆ, ಸುಣ್ಣಗಳ ಪ್ರಯೋಗ ಬೇಡ. ಕೆರಳಿದ ಉಣ್ಣಿ ತನ್ನ ಜೊಲ್ಲನ್ನು ಇನ್ನಷ್ಟು ಕಕ್ಕಬಹುದು. ಬೆರಳಿನಿಂದ ಹಿಸುಕಲೂಬಾರದು, ಒಡೆದ ಉಣ್ಣಿಯ ರಸ ಗೀರುಗಾಯಕ್ಕೋ ಕಣ್ಣಿಗೋ ತಗುಲಿದರೆ ಸೋಂಕಾಗಬಹುದು. ಕುರಿ ನಾಯಿಗಳ ಉಣ್ಣಿಯನ್ನು ಉಗುರಿನಿಂದ ಚಿವುಟಿ ಕೊಲ್ಲುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯವಾದುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಮುಳ್ಳು ತೆಗೆಯುವ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ಮೆಲ್ಲನೆ ಎಳೆದರೆ ಸಾಕು. ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಕಚ್ಚಿದ ಮಾತ್ರಕ್ಕೆ ಔಷಧ ನುಂಗಬೇಕಾಗಿಲ್ಲ, ಏಕೆಂದರೆ ಎಲ್ಲ ಉಣ್ಣಿಗಳಲ್ಲಿಯೂ ರೋಗಾಣುವಿರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ, ಮುಂದಿನ ಎರಡು ವಾರಗಳಲ್ಲಿ ಜ್ವರ ಬಂದರೆ ಕ್ಯಾಲೆಂಡರಿನ ಆ ಹಾಳೆಯನ್ನೂ ವೈದ್ಯರ ಬಳಿಗೆ ಒಯ್ಯಬೇಕು.